ಅಂಗಿ ಹೊಲಿಸಿದ ಕೈ

ಎರಡು ಎಕರೆ ಹೊಲದ ನಡುವಿನ ಒಡ್ಡು ಒಂದು ಗೇಣು ಆಚೆ ಸರಿಯಿತು. ಅಷ್ಟಕ್ಕೇ ಅಣ್ಣ ತಮ್ಮನ ತಲೆ ಒಡೆದ. ನಾಲವಾರದ ಆಸುಪಾಸಿನ ಒಂದು ಕೇರಿಯ ಮಾತಿದು. ಊರು ಯಾವುದು, ಮನೆ ಯಾವುದು ಅಂತ ಹೇಳುವುದು ಬೇಡ. ಯಾವ ಕೇರಿಗೆ ಹೋದರೂ ಇಂಥದೊಂದು ಮನೆ ಸಿಕ್ಕೇ ಸಿಗುತ್ತದೆ. ಅಪ್ಪ ಶಹಾಬಾದ ಕಡೆಯ ಖಣಿಗಳಲ್ಲಿ ಪರ್ಸಿ ಎತ್ತಿ ಜೀವ ಸವೆಸಿದವ. ಅವನ ಹೆಸರಿಗೆ ಸರಕಾರ ಕೊಟ್ಟದ್ದು ಎರಡು ಎಕರೆ. ಮಳೆ ಬಂದರೆ ತೊಗರಿ, ಬರದಿದ್ದರೆ ಜಾಲಿ. ಅವ ಸತ್ತ ಮೇಲೆ ಇಬ್ಬರು ಗಂಡುಮಕ್ಕಳಿಗೆ ಒಂದೊಂದು ಎಕರೆ ಆಯಿತು. ಹೆಣ್ಣುಮಗಳೂ ಒಬ್ಬಳಿದ್ದಳು. ಅವಳ ಮಾತು ಯಾರೂ ತೆಗೆಯಲಿಲ್ಲ.

ರಾಜಿ ಮಾಡಿಸಲೆಂದು ನಾವು ನಾಲ್ಕೈದು ಮಂದಿ ಹೋಗಿದ್ದೆವು. ಸಂಘಟನೆಯ ಹುಡುಗರು, ಜೊತೆಗೆ ಇಬ್ಬರು ಮಾಸ್ತರರು. ನಮ್ಮ ಹತ್ತಿರ ಇದ್ದದ್ದು ಹಳೆಯ ಭಾಷಣವೇ. ನಿಮ್ಮ ನಿಮ್ಮೊಳಗ ಹೊಡೆದಾಡಿದರ ಮಂದಿ ನಗತಾರ, ಒಗ್ಗಟ್ಟಿನಿಂದ ಇರ್ರಿ ಅಂದೆವು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ತಮ್ಮ ನಮ್ಮನ್ನು ಒಮ್ಮೆ ನೋಡಿ ಸುಮ್ಮನಾದ. ಆ ನೋಟದ ಅರ್ಥ ಅವತ್ತು ನಮಗೆ ಆಗಲಿಲ್ಲ.

ಸಂಜೆ ಅದೇ ಕೇರಿಯಲ್ಲಿ ಪ್ರಾರ್ಥನೆ ಇತ್ತು. ಬೀದರ, ಕಲಬುರಗಿ ಕಡೆಯ ಮಾದಿಗರ ಕೇರಿಗಳಿಗೂ ಮೆಥೋಡಿಸ್ಟ್ ಸಭೆಗೂ ತಲೆಮಾರುಗಳ ನಂಟು. ಹಾಗಾಗಿ ಸತ್ಯವೇದದ ಹೆಸರುಗಳು ಇಲ್ಲಿ ಪರದೇಶಿ ಹೆಸರುಗಳಲ್ಲ. ಯಾಕೋಬ ಅಂತ ಕೂಗಿದರೆ ಇಬ್ಬರು ತಿರುಗಿ ನೋಡುತ್ತಾರೆ. ಪಾಸ್ಟರು ಹೊಲದ ಜಗಳದ ಸುದ್ದಿ ಕೇಳಿದ್ದರೋ ಏನೋ, ಯೋಸೇಫನ ಕಥೆ ತೆಗೆದರು. ಯಾಕೋಬನಿಗೆ ಹನ್ನೆರಡು ಮಂದಿ ಗಂಡುಮಕ್ಕಳು. ಅವರಲ್ಲಿ ಯೋಸೇಫನ ಮೇಲೆ ಅವನಿಗೆ ಬಲು ಪ್ರೀತಿ. ಅವನಿಗೊಂದು ಚೆಂದದ ಅಂಗಿ ಹೊಲಿಸಿಕೊಟ್ಟ. ಅಣ್ಣಂದಿರಿಗೆ ಹೊಟ್ಟೆ ಉರಿಯಿತು. ಹದಿನೇಳು ವರ್ಷದ ಹುಡುಗನನ್ನು ಹಿಡಿದು, ಅಂಗಿ ಕಿತ್ತು, ನೀರಿಲ್ಲದ ಹಾಳು ಬಾವಿಗೆ ನೂಕಿದರು. ಆಮೇಲೆ ದಾರಿಹೋಕ ವ್ಯಾಪಾರಿಗಳಿಗೆ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿಬಿಟ್ಟರು. ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಇಟ್ಟರು. ಆದುದರಿಂದ ಪ್ರಿಯರೇ, ಹೊಟ್ಟೆಕಿಚ್ಚು ಮಹಾಪಾಪ ಅಂತ ಪಾಸ್ಟರು ಮುಗಿಸಿದರು.

ಗೋಡೆಗೆ ಆತು ಕೂತಿದ್ದ ಒಬ್ಬ ಆಯಿ ಬಾಯಿ ತೆಗೆದಳು. "ಅಲ್ರಿ ಪಾಸ್ಟರಪ್ಪಾ, ಹುಡುಗರು ಬಾವಿಗಿ ನೂಕಿದ್ದು ತಪ್ಪೇ ಖರೆ. ಆದರ ಹನ್ನೆರಡು ಮಂದಿ ಮಕ್ಕಳೊಳಗ ಒಬ್ಬವ್ಗೇ ಅಂಗಿ ಹೊಲಿಸಿದಾವ ಯಾರು?"

ಪಾಸ್ಟರು ನಕ್ಕು ಹಾಡು ಎತ್ತಿಕೊಂಡರು. ಮಧ್ಯಾಹ್ನ ಒಗ್ಗಟ್ಟಿನ ಭಾಷಣ ಮಾಡಿದ್ದ ನಮ್ಮಲ್ಲೂ ಉತ್ತರ ಇರಲಿಲ್ಲ. ಆ ಆಯಿಯ ಪ್ರಶ್ನೆಯ ಬೆನ್ನುಹತ್ತಿ ಹೋದದ್ದೇ ಈ ಬರಹ.

*

ನಮ್ಮ ಭಾಷೆಗೆ ಈ ಪ್ರಶ್ನೆ ಹೊಸದಲ್ಲ. ರಕ್ತಸಂಬಂಧಿಗಳ ನಡುವಿನ ಹೊಟ್ಟೆಕಿಚ್ಚಿಗೆ ಕನ್ನಡ ಇಟ್ಟ ಹೆಸರು ದಾಯಾದಿ ಮತ್ಸರ. ದಾಯ ಅಂದರೆ ಹಿರಿಯರಿಂದ ಬರುವ ಆಸ್ತಿ. ಅದರಲ್ಲಿ ಪಾಲಿರುವವನು ದಾಯಾದಿ. ಅಂದರೆ ಸಿಟ್ಟಿನ ಹೆಸರಿನೊಳಗೇ ಆಸ್ತಿ ಕೂತುಕೊಂಡಿದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಹುಟ್ಟುವುದಕ್ಕೂ ಬೆಳೆಯುವುದಕ್ಕೂ ನಡುವೆ ಏನಾಯಿತು? ಮಕ್ಕಳ ಗುಣ ಕೆಟ್ಟಿತೇ? ಇಲ್ಲ. ನಡುವೆ ಪಾಲು ಬಂತು.

ಹೊಟ್ಟೆಕಿಚ್ಚು ಮನುಷ್ಯನ ಮನಸ್ಸಿನ ಕೊಳೆ, ಅದನ್ನು ಒಬ್ಬೊಬ್ಬರೂ ತೊಳೆದುಕೊಂಡರೆ ಸಾಕು ಅಂತ ಎಲ್ಲ ಮಠಗಳೂ, ಎಲ್ಲ ಸಭೆಗಳೂ ಹೇಳುತ್ತ ಬಂದಿವೆ. ಗಾದೆ ಕಟ್ಟಿದ ರೈತ ಹಾಗೆ ಹೇಳಲಿಲ್ಲ. ಅವನು ಬೆರಳು ತೋರಿಸಿದ್ದು ಪಾಲಿನ ಕಡೆಗೆ. ಆದರೆ ದಾಯಾದಿಗಳ ದುರಂತ ಏನೆಂದರೆ, ಅವರು ಉರಿಯುವುದು ಒಬ್ಬರ ಮುಖ ಒಬ್ಬರು ನೋಡಿಕೊಂಡು. ಪಾಲು ಮಾಡಿದ ಕೈಯ ಕಡೆಗೆ ಅವರು ತಲೆ ಎತ್ತುವುದಿಲ್ಲ.

*

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಯೆಹೂದ್ಯರ ಆದಿಕಾಂಡವನ್ನು ಓದಿರಿ. ಅದು ದೇವರ ಮಹಿಮೆಯ ಪುಸ್ತಕ ಹೌದು. ಜೊತೆಗೆ ಮನೆಜಗಳದ ದಫ್ತರವೂ ಹೌದು.

ಮೊದಲ ಜಗಳ ಕಾಯಿನ ಮತ್ತು ಹೇಬೆಲರದು. ಒಬ್ಬ ಹೊಲ ಮಾಡುವವ, ಇನ್ನೊಬ್ಬ ಕುರಿ ಕಾಯುವವ. ಇಬ್ಬರೂ ಕಾಣಿಕೆ ತಂದರು. ತಮ್ಮನ ಕಾಣಿಕೆ ದೇವರಿಗೆ ಮೆಚ್ಚಿಕೆಯಾಯಿತು, ಅಣ್ಣನದು ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಆ ಕಥೆ ನೇರವಾಗಿ ಕಾರಣ ಕೊಡುವುದಿಲ್ಲ. ಅಣ್ಣ ತಮ್ಮನನ್ನು ಹೊಲಕ್ಕೆ ಕರೆದೊಯ್ದು ಕೊಂದ.

ಎರಡನೆಯದು ಅಬ್ರಹಾಮನ ಮನೆಯದು. ಹೆಂಡತಿ ಸಾರಳಿಗೆ ಮಕ್ಕಳಿಲ್ಲ. ಐಗುಪ್ತದ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟವಳು ಅವಳೇ. ತನಗೊಂದು ಮಗುವಾದ ಮೇಲೆ, ದಾಸಿಯ ಮಗ ನನ್ನ ಮಗನ ಜೊತೆ ಪಾಲಿಗೆ ಬರಬಾರದು ಅಂತ ಹಟ ಹಿಡಿದವಳೂ ಅವಳೇ. ಒಂದಿಷ್ಟು ರೊಟ್ಟಿ, ಒಂದು ತೊಗಲಿನ ಚೀಲದಲ್ಲಿ ನೀರು ಕೊಟ್ಟು ತಾಯಿ ಮಗನನ್ನು ಅಡವಿಗೆ ಅಟ್ಟಿದರು. ಇಬ್ಬರು ಹೆಂಗಸರ ಮತ್ಸರ ಅಂತ ಇದಕ್ಕೆ ಹೆಸರಿಡುತ್ತಾರೆ. ಒಬ್ಬಳು ಒಡತಿ, ಒಬ್ಬಳು ಜೀತದವಳು ಅನ್ನುವುದು ಆ ಹೆಸರಿನಲ್ಲಿ ಮುಚ್ಚಿಹೋಗುತ್ತದೆ.

ಮೂರನೆಯದು ಇಸಾಕನ ಮನೆ. ಏಸಾವ ಯಾಕೋಬ ಅವಳಿಜವಳಿ. ಏಸಾವ ಅಪ್ಪನ ಮಗ, ಯಾಕೋಬ ಅವ್ವನ ಮಗ. ಹಸಿದು ಬಂದ ಅಣ್ಣನಿಂದ ಒಂದು ಬಟ್ಟಲು ಕೆಂಪು ಬೇಳೆಗೆ ತಮ್ಮ ಹಿರಿತನದ ಹಕ್ಕು ಬರೆಸಿಕೊಂಡ. ಹಸಿದವನ ಹತ್ತಿರ ಹೊಲ ಬರೆಸಿಕೊಳ್ಳುವ ಸಾಹುಕಾರರನ್ನು ಕಂಡ ನಮಗೆ ಆ ಬಟ್ಟಲಿನ ಬೆಲೆ ಗೊತ್ತು. ಆಮೇಲೆ ಕಣ್ಣು ಮಂಜಾದ ಅಪ್ಪನಿಗೆ ವೇಷದ ಮೋಸ ಮಾಡಿ ಆಶೀರ್ವಾದವನ್ನೂ ಹೊಡೆದುಕೊಂಡ. ಏಸಾವ ಅಪ್ಪನ ಮುಂದೆ ಗೋಳೋ ಅಂತ ಅತ್ತು, ನಿನ್ನ ಬಳಿ ಹರಕೆಯೆಂಬುದು ಅಷ್ಟೇ ಇತ್ತೇ ಅಂತ ಕೇಳಿದ. ದಾಯಾದಿಗಳಲ್ಲಿ ಒಬ್ಬ ತಲೆ ಎತ್ತಿ ಕೊಡುವ ಕೈಯನ್ನು ಕೇಳಿದ ಗಳಿಗೆ ಅದು. ಆದರೆ ಉತ್ತರ ಸಿಗಲಿಲ್ಲ. ಮರುಗಳಿಗೆಗೆ ಅವನ ಸಿಟ್ಟು ತಮ್ಮನ ಮೇಲೆ ತಿರುಗಿತು.

ನಾಲ್ಕನೆಯದು ಆ ಯಾಕೋಬನದೇ ಮನೆ. ಅಣ್ಣನಿಗೆ ಹೆದರಿ ಓಡಿದವ ಸೋದರಮಾವ ಲಾಬಾನನ ಹತ್ತಿರ ಆಳಾದ. ರಾಹೇಲಳಿಗಾಗಿ ಏಳು ವರ್ಷ ದುಡಿದ. ಮಾವ ಮೋಸದಿಂದ ದೊಡ್ಡ ಮಗಳು ಲೇಯಳನ್ನು ಕಟ್ಟಿದ. ಚಿಕ್ಕವಳಿಗಾಗಿ ಮತ್ತೆ ಏಳು ವರ್ಷ, ಕುರಿಮಂದೆಗಾಗಿ ಆರು ವರ್ಷ. ಹತ್ತು ಸಲ ನನ್ನ ಕೂಲಿ ಬದಲಿಸಿದರು ಅಂತ ಅವನೇ ಹೇಳಿಕೊಳ್ಳುತ್ತಾನೆ. ಜೀತ ಮಾಡಿದ ಮುತ್ಯಾಗಳು ಇರುವ ನಮ್ಮ ಸೀಮೆಯಲ್ಲಿ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕತಂಗಿ ಇಬ್ಬರೂ ಒಬ್ಬನಿಗೇ ಹೆಂಡಿರಾಗಿ, ಮಕ್ಕಳ ಲೆಕ್ಕದಲ್ಲಿ ಒಬ್ಬರಿಗೊಬ್ಬರು ಪೈಪೋಟಿಗೆ ಬಿದ್ದರು. ಸಾಲದಾಗಿ ತಮ್ಮ ತಮ್ಮ ದಾಸಿಯರನ್ನೂ ಗಂಡನಿಗೆ ಒಪ್ಪಿಸಿದರು. ಹೀಗೆ ನಾಲ್ವರು ತಾಯಂದಿರಲ್ಲಿ ಹುಟ್ಟಿದವರು ಆ ಹನ್ನೆರಡು ಮಂದಿ.

ಅಂಗಿಯ ಕಥೆಗಿಂತ ಮುಂಚೆ ನಡೆದ ಇನ್ನೊಂದು ಪ್ರಸಂಗವನ್ನು ಪಾಸ್ಟರು ಹೇಳಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಯಾಕೋಬ ಊರಿಗೆ ಹೊರಟಾಗ, ಏಸಾವ ನಾನೂರು ಮಂದಿಯೊಂದಿಗೆ ಎದುರಿಗೆ ಬಂದ. ಅಣ್ಣ ಹೊಡೆಯುತ್ತಾನೆಂದು ಹೆದರಿದ ಯಾಕೋಬ ತನ್ನ ಸಂಸಾರವನ್ನು ಸಾಲಾಗಿ ನಿಲ್ಲಿಸಿದ. ಎಲ್ಲರಿಗಿಂತ ಮುಂದೆ ದಾಸಿಯರು ಮತ್ತು ಅವರ ಮಕ್ಕಳು. ಅವರ ಹಿಂದೆ ಲೇಯ ಮತ್ತು ಅವಳ ಮಕ್ಕಳು. ಕಟ್ಟಕಡೆಗೆ, ಭದ್ರವಾಗಿ, ರಾಹೇಲ ಮತ್ತು ಯೋಸೇಫ. ಪೆಟ್ಟು ಬಿದ್ದರೆ ಮೊದಲು ಯಾರಿಗೆ ಬೀಳಬೇಕು ಅನ್ನುವುದನ್ನು ಅಪ್ಪ ಅವತ್ತೇ ತೋರಿಸಿಕೊಟ್ಟ. ಆ ಸಾಲಿನಲ್ಲಿ ನಿಂತ ಮಕ್ಕಳಿಗೆ ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಅಂಗಿ ಆಮೇಲೆ ಬಂತು. ಅಳತೆ ತೆಗೆದದ್ದು ಅವತ್ತು.

ಬಾಬಾಸಾಹೇಬರು ಈ ದೇಶದ ಜಾತಿವ್ಯವಸ್ಥೆಯನ್ನು ಶ್ರೇಣೀಕೃತ ಅಸಮಾನತೆ ಅಂತ ಕರೆದರು. ಎಲ್ಲರನ್ನೂ ಒಟ್ಟಿಗೆ ತುಳಿದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಮೆಟ್ಟಿಲು ಮಾಡಿ ನಿಲ್ಲಿಸಿದರೆ, ಪ್ರತಿಯೊಬ್ಬನಿಗೂ ಕೆಳಗೆ ಒಬ್ಬ ಸಿಗುತ್ತಾನೆ. ಮೇಲಿನವನ ಮೇಲೆ ಉರಿ, ಕೆಳಗಿನವನ ಮೇಲೆ ತಾತ್ಸಾರ. ಏಳುವ ಮಾತು ಹಿಂದೆ ಬೀಳುತ್ತದೆ. ಯಾಕೋಬನ ಆ ಸಾಲು ಒಂದು ಮನೆಯಷ್ಟು ಅಗಲದ ಮೆಟ್ಟಿಲು.

*

ಹಾಗಾದರೆ ಅಣ್ಣಂದಿರು ನಿರಪರಾಧಿಗಳೇ? ಪಾಲು ಮಾಡಿದವನದೇ ಎಲ್ಲ ತಪ್ಪು, ನೂಕಿದ ಕೈ ಶುದ್ಧ ಅಂತ ನಾವು ಹೇಳುತ್ತೇವೆಯೇ? ಖಂಡಿತ ಇಲ್ಲ. ಹುಡುಗನನ್ನು ಬಾವಿಗೆ ಹಾಕಿದ ಮೇಲೆ ಅವರು ಕೂತು ಊಟ ಮಾಡಿದರು ಅಂತ ಆ ಪುಸ್ತಕದಲ್ಲೇ ಬರೆದಿದೆ. ಅವ ಅಂಗಲಾಚಿದ್ದು ಕಿವಿಗೆ ಬಿದ್ದರೂ ಕೇಳಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಅವರೇ ಒಪ್ಪಿಕೊಂಡರು. ಅನ್ಯಾಯ ಉಂಡವನು ಮಾಡುವುದೆಲ್ಲ ನ್ಯಾಯ ಆಗುವುದಿಲ್ಲ. ಇದನ್ನು ನಾವು ಗಟ್ಟಿಯಾಗಿ ಹೇಳಿಕೊಳ್ಳಬೇಕು, ಯಾಕೆಂದರೆ ನಮ್ಮ ಚಳುವಳಿಗಳಲ್ಲಿ ಈ ಮರೆವು ಬಹಳ.

ನಮಗೆ ಕಾಣುವುದು ಇಷ್ಟು. ಹೊಟ್ಟೆಯಲ್ಲಿ ಏಳುವ ಉರಿ ಪಾಪವಲ್ಲ. ಅದು ಸುದ್ದಿ. ಇಲ್ಲಿ ಎಲ್ಲೋ ತಕ್ಕಡಿ ಓರೆಯಾಗಿದೆ ಅನ್ನುವ ಸುದ್ದಿ. ಕೆಲವು ಸಲ ಆ ಸುದ್ದಿ ಸುಳ್ಳೂ ಇರಬಹುದು; ತಕ್ಕಡಿ ಸರಿಯಿದ್ದೂ ನಮ್ಮ ಆಸೆಯೇ ದೊಡ್ಡದಿರಬಹುದು. ಹೋಗಿ ನೋಡಬೇಕು. ಒಂದು ಉರಿ ಕೇಳುತ್ತದೆ: ಅವನಿಗೆ ಯಾಕೆ ಇದೆ? ಇನ್ನೊಂದು ಉರಿ ಕೇಳುತ್ತದೆ: ನನಗೆ ಯಾಕೆ ಇಲ್ಲ? ಮೊದಲನೆಯದಕ್ಕೆ ಅವನ ಅಂಗಿ ಹರಿದರೆ ಸಮಾಧಾನ, ತನ್ನ ಮೈ ಬರಿದೇ ಇದ್ದರೂ ಚಿಂತೆಯಿಲ್ಲ. ಎರಡನೆಯದಕ್ಕೆ ಅವನ ಅಂಗಿಯ ಗೊಡವೆ ಇಲ್ಲ, ಬಟ್ಟೆ ಅಳೆಯುವ ಕೈಯ ಹತ್ತಿರ ಕೆಲಸ. ಮೊದಲನೆಯದು ಮತ್ಸರ. ಎರಡನೆಯದು ನ್ಯಾಯದ ಮೊದಲ ತೊದಲು ಮಾತು. ಎರಡೂ ಒಂದೇ ಒಲೆಯಲ್ಲಿ ಹುಟ್ಟುತ್ತವೆ. ಅದಕ್ಕೇ ಉಳ್ಳವರಿಗೆ ಅನುಕೂಲ. ಎರಡನೆಯದನ್ನು ಕೇಳಿದವನಿಗೂ ಮೊದಲನೆಯದರ ಹೆಸರಿಟ್ಟು ಬಾಯಿ ಮುಚ್ಚಿಸಬಹುದು. ಕೂಲಿ ಹೆಚ್ಚು ಕೇಳಿದರೆ, ಗೌಡರ ಮ್ಯಾಲ ನಿಮಗ ಹೊಟ್ಟಿಕಿಚ್ಚು ಅನ್ನುವ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

*

ಪಾಲಿನ ಮಾತು ಬಂತು. ಈ ದೇಶದಲ್ಲಿ ಅಣ್ಣತಮ್ಮಂದಿರು ಹೇಗೆ ಪಾಲು ಮಾಡಿಕೊಳ್ಳಬೇಕು ಅಂತ ಬರೆದವನು ನಮ್ಮ ಪಕ್ಕದ ಊರಿನವನೇ ಅಂತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಶಹಾಬಾದ ಹತ್ತಿರದ ಮರತೂರು ಅವನ ಊರು ಅನ್ನುವುದು ಈ ಸೀಮೆಯವರ ನಂಬಿಕೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರ ದಾಯದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಕುಟುಂಬಗಳಿಗೆ ಕೋರ್ಟುಗಳು ಅದನ್ನೇ ಕಾನೂನಾಗಿ ನೋಡಿದವು.

ವಿಜ್ಞಾನೇಶ್ವರ ಸಣ್ಣ ಬುದ್ಧಿಯವನಲ್ಲ. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡಬೇಕು ಅಂತ ಹಳೆಯ ಶಾಸ್ತ್ರಗಳಿದ್ದವು. ಶಾಸ್ತ್ರದಲ್ಲಿದ್ದರೂ ಜನರು ಹೇಸುವಂಥದ್ದನ್ನು ಆಚರಿಸಬಾರದು ಅಂತ ಹೇಳಿ ಅವನು ಆ ಓರೆ ಪಾಲನ್ನು ಪಕ್ಕಕ್ಕೆ ಸರಿಸಿದ. ಶಾಸ್ತ್ರಕ್ಕಿಂತ ಜನರ ಹೇಸಿಗೆ ದೊಡ್ಡದು ಎಂಬ ಈ ಮಾತನ್ನು ನಾವು ಎತ್ತಿಟ್ಟುಕೊಳ್ಳಬೇಕು. ಇಸ್ರಾಯೇಲ್ಯರ ಕಾನೂನೂ ಇಂಥದೊಂದು ಪಾಠ ಬರೆದಿಟ್ಟಿತು. ಇಬ್ಬರು ಹೆಂಡಿರಿದ್ದು, ಒಬ್ಬಳು ಪ್ರೀತಿಯವಳು ಒಬ್ಬಳು ಬೇಡವಾದವಳು ಆಗಿದ್ದರೂ, ಬೇಡವಾದವಳ ಮಗ ಚೊಚ್ಚಲಾಗಿದ್ದರೆ ಅವನ ಹಕ್ಕು ತೆಗೆದು ಪ್ರೀತಿಯವಳ ಮಗನಿಗೆ ಕೊಡಕೂಡದು ಅಂತ ಧರ್ಮೋಪದೇಶಕಾಂಡ ಕಟ್ಟುಮಾಡಿತು. ಯಾಕೋಬನ ಮನೆಯ ಬೆಂಕಿ ಕಂಡವರು ಬರೆದಂತೆ ಇದೆ ಆ ಕಟ್ಟಳೆ. ಹೊಟ್ಟೆಕಿಚ್ಚು ಬಿಡಿರಿ ಅಂತ ಉಪದೇಶ ಮಾಡುವುದಕ್ಕಿಂತ, ಅಪ್ಪನ ಕೈಗೇ ಒಂದು ಕಟ್ಟು ಹಾಕುವುದು ಮೇಲು ಅಂತ ಅವರಿಗೆ ತಿಳಿಯಿತು.

ಆದರೆ ಮರತೂರಿನ ತಕ್ಕಡಿಯಲ್ಲಿ ತೂಗಿದ ಜನ ಯಾರು? ಮೂರು ಮೇಲು ವರ್ಣದವರಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೆ ಪಾಲಿಲ್ಲ, ಹೊಟ್ಟೆಬಟ್ಟೆ ಅಷ್ಟೇ. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು, ಹೆಣ್ಣುಮಕ್ಕಳಿಗೆ ಆ ಹಕ್ಕಿಲ್ಲ. ಹಾಗರಳ ಮಗ ಇಲ್ಲಿಯೂ ಅಡವಿಗೇ ಹೋದ. ಹೆಣ್ಣುಮಗಳು ಜನ್ಮದಿಂದಲೇ ಸಮಪಾಲುದಾರಳು ಅಂತ ಕರ್ನಾಟಕದ ಹಿಂದೂ ಕುಟುಂಬಗಳಿಗೆ ಕಾನೂನು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಊರ ಹೊರಗಿನ ಕೇರಿಗಂತೂ ಪಾಲು ಮಾಡಿಕೊಳ್ಳಲು ನೆಲವೇ ಇರಲಿಲ್ಲ. ಒಂಬೈನೂರು ವರ್ಷದ ದಾಯವಿಭಾಗದ ಚರ್ಚೆಯಲ್ಲಿ ನಮ್ಮ ಹಿರಿಯರು ದಾಯಾದಿಗಳೂ ಅಲ್ಲ. ಬೇರೆಯವರ ಹೊಲದ ಆಳುಗಳು.

ಪಾಲು ಮಾಡುವ ಕೈ ಈಗಲೂ ಎಷ್ಟು ಸಣ್ಣಗೆ ಕೆಲಸ ಮಾಡುತ್ತದೆ ನೋಡಿರಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು. ಒಬ್ಬ ಕಾಗದದಲ್ಲಿ ಹಿಂದೂ ಮಾದಿಗ, ಇನ್ನೊಬ್ಬ ಕಾಗದದಲ್ಲಿ ಕ್ರೈಸ್ತ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಬಾಗಿಲು ತೆರೆಯಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆಯಿತು. ಕ್ರೈಸ್ತರಿಗೆ, ಮುಸಲ್ಮಾನರಿಗೆ ತೆರೆಯಲಿಲ್ಲ. ಊರಿನ ಚಹಾದ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಅವಮಾನ. ಕಚೇರಿಯಲ್ಲಿ ಮಾತ್ರ ಒಬ್ಬನಿಗೆ ಅಂಗಿ, ಒಬ್ಬನಿಗೆ ಬರಿಮೈ. ಆಮೇಲೆ ಅವರಿಬ್ಬರೂ ಮಾತು ಬಿಟ್ಟರೆ, ಈ ಮಂದಿಗೆ ಒಗ್ಗಟ್ಟೇ ಇಲ್ಲ ನೋಡ್ರಿ ಅಂತ ನಗುವವರು ಯಾರು?

*

ಇನ್ನು ಅಂಗಿ ಉಟ್ಟವನ ಕಡೆಗೆ ಬರೋಣ. ಬಾವಿಗೆ ಬಿದ್ದ ಯೋಸೇಫ ಐಗುಪ್ತದಲ್ಲಿ ದಾಸನಾದ, ಸೆರೆಮನೆ ಕಂಡ, ಮೂವತ್ತನೆಯ ವಯಸ್ಸಿಗೆ ಫರೋಹನ ಮಂತ್ರಿಯಾದ. ಬರ ಬಿದ್ದಾಗ ಕಾಳಿಗಾಗಿ ಬಂದ ಅಣ್ಣಂದಿರನ್ನು ಕ್ಷಮಿಸಿದ. ಉಪದೇಶಗಳೆಲ್ಲ ಇಲ್ಲಿಗೆ ಕಣ್ಣೀರಿನಲ್ಲಿ ಮುಗಿಯುತ್ತವೆ. ಆದಿಕಾಂಡ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಓದಿರಿ. ಅದೇ ಬರದಲ್ಲಿ ಯೋಸೇಫ ಐಗುಪ್ತದ ರೈತರಿಗೆ ಕಾಳು ಮಾರಿದ. ಮೊದಲು ಅವರ ಹಣ ಬಂತು. ಹಣ ತೀರಿದ ಮೇಲೆ ದನಕರು ಬಂದವು. ದನ ತೀರಿದ ಮೇಲೆ ಹೊಲ ಬಂತು, ಕೊನೆಗೆ ಆ ಜನರೇ ಫರೋಹನ ದಾಸರಾದರು. ಬೆಳೆಯಲ್ಲಿ ಐದರಲ್ಲೊಂದು ಪಾಲು ಅರಮನೆಗೆ ಅಂತ ಕಟ್ಟಳೆಯಾಯಿತು. ಒಬ್ಬರ ಭೂಮಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದು ಪುರೋಹಿತರದು. ಅವರಿಗೆ ಅರಮನೆಯಿಂದ ದವಸ ಬರುತ್ತಿತ್ತು.

1972ರ ಬರದ ಮಾತು ಹಿರಿಯರ ಬಾಯಲ್ಲಿ ಕೇಳಿದ ನಮಗೆ ಈ ಅಧ್ಯಾಯ ಸುಲಭವಾಗಿ ತಿಳಿಯುತ್ತದೆ. ದಾಸ್ಯಕ್ಕೆ ಮಾರಾಟವಾದ ಹುಡುಗನೇ ಒಂದು ನಾಡನ್ನು ದಾಸ್ಯಕ್ಕೆ ಬರೆಸಿಕೊಂಡ. ಅವನಿಗೆ ಬಾವಿಯ ಕತ್ತಲೆ ನೆನಪಿತ್ತು. ಅದನ್ನು ತನ್ನ ಅಣ್ಣತಮ್ಮಂದಿರ ಜೊತೆಗಿನ ಲೆಕ್ಕ ಅಂದುಕೊಂಡು ಚುಕ್ತಾ ಮಾಡಿದ. ಮನುಷ್ಯನನ್ನು ಮನುಷ್ಯ ಕೊಳ್ಳುವ ವ್ಯವಸ್ಥೆಯ ಲೆಕ್ಕ ಅಂದುಕೊಳ್ಳಲಿಲ್ಲ. ತಲೆಮಾರು ಕಳೆದ ಮೇಲೆ ಅದೇ ಐಗುಪ್ತದಲ್ಲಿ ಅವನ ಸಂತಾನವೇ ಇಟ್ಟಂಗಿ ಹೊಡೆಯುವ ಜೀತಕ್ಕೆ ಬಿತ್ತು. ಕೇರಿಯಿಂದ ಹೊರಬಿದ್ದು ಖುರ್ಚಿ ಹಿಡಿದ ನಮ್ಮವರು, ನಾವೂ ಸೇರಿ, ಈ ಅಧ್ಯಾಯವನ್ನು ಎರಡು ಸಲ ಓದಬೇಕು.

*

ಈಗ ನಮ್ಮ ಮನೆಯ ಮಾತು. ಹೊಲೆಯ, ಮಾದಿಗ, ಎಡಗೈ, ಬಲಗೈ. ಒಂದೇ ಅವ್ವನ ಮಕ್ಕಳು ಅಂತ ವೇದಿಕೆಯ ಮೇಲೆ ಹೇಳುತ್ತೇವೆ. ವೇದಿಕೆ ಇಳಿದ ಮೇಲೆ ಬೇರೆ ಬೇರೆ ಬಾವಿ. ದಲಿತ ಸಂಘರ್ಷ ಸಮಿತಿ ಕಟ್ಟಿದ ಕೈಗಳೇ ಅದನ್ನು ಬಣಬಣವಾಗಿ ಒಡೆದದ್ದು ನಾವೆಲ್ಲ ಕಂಡದ್ದೇ. ಮೀಸಲಾತಿಯಲ್ಲಿ ನಮ್ಮ ಪಾಲು ನಮಗೆ ಮುಟ್ಟಿಲ್ಲ ಅಂತ ಮಾದಿಗರು ದಶಕಗಳ ಕಾಲ ಕೂಗಿದಾಗ, ಇದು ಒಡಕಿನ ಮಾತು, ಹೊಟ್ಟೆಕಿಚ್ಚಿನ ಮಾತು ಅಂತ ಹೇಳಿದವರಲ್ಲಿ ನಮ್ಮವರೂ ಇದ್ದರು. 2005ರಲ್ಲಿ ಸದಾಶಿವ ಆಯೋಗ ಆಯಿತು, 2012ರಲ್ಲಿ ಅದರ ವರದಿ ಬಂತು, ಬಂದು ಕಪಾಟು ಸೇರಿತು. 2024ರ ಆಗಸ್ಟ್ 1ರಂದು ಒಳವರ್ಗೀಕರಣಕ್ಕೆ ಸಂವಿಧಾನದ ಅಡ್ಡಿಯಿಲ್ಲ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿತು. ನಾಗಮೋಹನದಾಸ್ ಆಯೋಗದ ವರದಿಯ ಮೇಲೆ 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡಾ 17ನ್ನು 6, 6, 5 ಅಂತ ಹಂಚಿತು. ತೀರ ಕೆಳಗಿನ ಅಲೆಮಾರಿಗಳಿಗೆ ಆಯೋಗ ಬೇರೆಯಾಗಿ ಸೂಚಿಸಿದ್ದ ಶೇಕಡಾ 1 ಆ ಹಂಚಿಕೆಯಲ್ಲಿ ಬೇರೆಯಾಗಿ ಉಳಿಯಲಿಲ್ಲ. ಅವರು ಬೀದಿಗೆ ಬಂದರು. ಆಗ ಅವರಿಗೂ ಅದೇ ಒಗ್ಗಟ್ಟಿನ ಭಾಷಣ ಕೇಳಿಸಿತು.

ಒಗ್ಗಟ್ಟಿನ ಮಾತು ಮನೆಯಲ್ಲಿ ಯಾರ ಬಾಯಿಂದ ಬರುತ್ತದೆ ಅನ್ನುವುದನ್ನು ನೋಡಬೇಕು. ಬಹಳ ಸಲ ಅದು ಅಂಗಿ ಉಟ್ಟವನ ಬಾಯಿಂದ ಬರುತ್ತದೆ. ಹಸಿದ ತಮ್ಮ ಪಾಲು ಕೇಳಿದರೆ ಮನೆ ಒಡೆಯುವುದಿಲ್ಲ. ಪಾಲು ಕೊಡದಾಗಲೇ ಒಡೆದಿತ್ತು. ಹಾಗೆಯೇ ಇನ್ನೊಂದು ಮಾತು. ತಮ್ಮನ ಬಟ್ಟಲಿಗೆ ನಾಲ್ಕು ಕಾಳು ಹೆಚ್ಚು ಬಿದ್ದವೆಂದು ಅಣ್ಣತಮ್ಮ ಇಬ್ಬರೂ ಎಣಿಸುತ್ತ ಕೂತರೆ, ಇಡೀ ಕಣಜ ಯಾರ ಮನೆಯಲ್ಲಿದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಮೊದಲನೆಯದನ್ನು ಒಳಗೆ ಸರಿಪಡಿಸಿಕೊಂಡವರಿಗೆ ಮಾತ್ರ ಎರಡನೆಯದನ್ನು ಕೂಡಿ ಕೇಳುವ ಗಂಟಲು ಬರುತ್ತದೆ.

ಯೋಸೇಫನ ಅಣ್ಣಂದಿರಲ್ಲಿ ಯೆಹೂದ ಅಂತ ಒಬ್ಬ. ತಮ್ಮನನ್ನು ಮಾರಿಬಿಡೋಣ ಅಂತ ಸಲಹೆ ಕೊಟ್ಟವನು ಅವನೇ. ವರ್ಷಗಳ ಮೇಲೆ ಕಿರಿಯ ತಮ್ಮ ಬೆನ್ಯಾಮೀನ ಐಗುಪ್ತದಲ್ಲಿ ಸಿಕ್ಕಿಬಿದ್ದಾಗ, ಇವನ ಬದಲು ನನ್ನನ್ನು ದಾಸನಾಗಿ ಇಟ್ಟುಕೊಳ್ಳಿ ಅಂತ ಮುಂದೆ ನಿಂತವನೂ ಅವನೇ. ಬೆನ್ಯಾಮೀನ ಅಪ್ಪನ ಹೊಸ ಮುದ್ದಿನ ಮಗ ಅನ್ನುವುದು ಅವನಿಗೆ ಗೊತ್ತಿತ್ತು. ಅಪ್ಪನ ಕೈ ಬದಲಾಗಿರಲಿಲ್ಲ. ಬದಲಾದದ್ದು ಅವನು. ಈ ತ್ಯಾಗವನ್ನು ಕೆಳಗಿನವನಿಗೆ ಪಾಠ ಮಾಡಬಾರದು. ಹಿಂದೊಮ್ಮೆ ಮಾರಿದವನಿಗೆ, ಮನೆಯೊಳಗೆ ಬಲ ಇದ್ದವನಿಗೆ ಇದು ಪಾಠ. ತಮ್ಮ ಕೇಳುವುದಕ್ಕಿಂತ ಮೊದಲು ಅವನ ಪಾಲಿಗೆ ಜಾಮೀನು ನಿಲ್ಲಬೇಕಾದವನು ಅಣ್ಣ.

*

ಕೊನೆಗೆ ಐವರು ಹೆಣ್ಣುಮಕ್ಕಳ ಮಾತು. ಅವರು ಯೋಸೇಫನ ವಂಶದವರೇ. ಚಲ್ಪಹಾದ ಎಂಬವನು ಅಡವಿಯಲ್ಲಿ ಸತ್ತ. ಅವನಿಗೆ ಗಂಡುಮಕ್ಕಳಿಲ್ಲ. ನಾಡನ್ನು ಹಂಚುವ ಲೆಕ್ಕ ನಡೆದಾಗ ಆ ಐವರು ಮೋಶೆಯ ಮುಂದೆ, ಯಾಜಕನ ಮುಂದೆ, ಎಲ್ಲ ಮುಖಂಡರ ಮುಂದೆ, ದೇವರ ಗುಡಾರದ ಬಾಗಿಲಲ್ಲಿ ಬಂದು ನಿಂತರು. ಗಂಡುಮಗ ಇಲ್ಲವೆಂದು ನಮ್ಮಪ್ಪನ ಹೆಸರು ಅಳಿಯಬೇಕೇ, ನಮಗೂ ಪಾಲು ಬೇಕು ಅಂದರು. ಯಾರನ್ನೂ ಬಾವಿಗೆ ನೂಕಲಿಲ್ಲ. ಯಾರ ಅಂಗಿಯನ್ನೂ ರಕ್ತದಲ್ಲಿ ಅದ್ದಲಿಲ್ಲ. ಆದಿಕಾಂಡದ ಗಂಡಸರು ತಮ್ಮತಮ್ಮೊಳಗೆ ಕಚ್ಚಾಡಿದ ಅದೇ ಪಾಲಿನ ಪ್ರಶ್ನೆಯನ್ನು ಇವರು ಪಾಲು ಮಾಡುವ ಕೈಯ ಮುಂದೆ ಇಟ್ಟರು. ಅವರು ಹೇಳುವುದು ಸರಿ ಅಂತ ತೀರ್ಪಾಯಿತು, ಕಾನೂನೇ ತಿದ್ದಿತು. ಆಮೇಲೆ ಕುಲದ ಗಂಡಸರು ಬಂದು, ಭೂಮಿ ಹೊರಗೆ ಹೋಗುತ್ತದೆ, ಇವರು ಕುಲದೊಳಗೇ ಮದುವೆ ಆಗಬೇಕು ಅಂತ ಕಟ್ಟು ಹಾಕಿಸಿದರು ಅನ್ನುವುದೂ ನಿಜ. ಗೆದ್ದ ಪಾಲಿಗೂ ಬೇಲಿ ಬಿತ್ತು. ಆದರೂ ಆ ಬಾಗಿಲಲ್ಲಿ ನಿಂತದ್ದು ಸುಳ್ಳಾಗುವುದಿಲ್ಲ.

ನಾವು ಆ ಕೇರಿಗೆ ಮತ್ತೆ ಹೋದೆವು. ಈ ಸಲ ಭಾಷಣ ಇರಲಿಲ್ಲ; ಪಹಣಿ, ನಕ್ಷೆ, ಅಳೆಯುವ ಹಗ್ಗ ಇದ್ದವು. ತಲೆಯ ಗಾಯ ಮಾಗುತ್ತಿದ್ದ ತಮ್ಮ ಈಗ ಬಾಯಿ ತೆಗೆದ. "ಒಗ್ಗಟ್ಟು ಅಂತ ಹೇಳಾವ್ರು ಭಾಳ ಮಂದಿ ಬಂದ್ರು ಅಣ್ಣಾ. ಹೊಲ ಅಳಿತೀವಿ ಅಂದಾವ್ರು ನೀವೇ ಮೊದಲ." ಅವತ್ತಿನ ಅವನ ನೋಟದ ಅರ್ಥ ಅದೇ ಇತ್ತು. ಇಬ್ಬರೂ ಹಗ್ಗದ ಎರಡು ತುದಿ ಹಿಡಿದರು.

ಅವರ ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಲ ಅಳೆಯುವುದು ಮುಗಿಯುತ್ತ ಬಂದಾಗ ನಮ್ಮಲ್ಲೊಬ್ಬರು ನಾಚಿಕೆಯಿಂದಲೇ ಕೇಳಿದರು: ತಂಗೀ, ನಿನಗ ಪಾಲು ಬ್ಯಾಡೇನವಾ?

"ಬ್ಯಾಡ ಅಂತ ನಾ ಯಾವಾಗ ಅಂದೀನ್ರಿ? ಯಾರೂ ಕೇಳೇ ಇಲ್ಲ."

ಹಗ್ಗ ಹಿಡಿದ ಇಬ್ಬರೂ ನಿಂತಲ್ಲೇ ನಿಂತರು. ನಾವೂ ನಿಂತೆವು. ಆ ಎರಡು ಎಕರೆಯನ್ನು ಮತ್ತೆ ಮೊದಲಿನಿಂದ ಅಳೆಯಬೇಕು.